ಲ್ಯಾಪ್‌ಟಾಪಿನ ಚಿತ್ರ, ಟೀವಿಯ ಪರದೆ

(ನಮ್ಮ ಕನ್ನಡ ಸಮಯದಲ್ಲಿ ಪ್ರಸಾರವಾದ ಮಾತಿನ ಬರಹರೂಪ. ಬರೆದುಕೊಳ್ಳಲು ಆಗಲಿಲ್ಲ ಎಂದವರಿಗಾಗಿ ಇಲ್ಲಿ ಕೊಟ್ಟಿದೆ.)

ರೇಡಿಯೋದವನು ಟೀವಿಯ ಬಗ್ಗೆ ಮಾತಾಡುವುದೆಂದರೆ ಕಾಫಿ ಹೋಟೆಲಿನವನು ಗಿರಾಕಿಗೆ ಪಕ್ಕದ ಚಹಾದಂಗಡಿ ತೋರಿಸಿದ ಹಾಗೆ. ಆದರೂ ಇವತ್ತು ನಾನು ಆ ಕೆಲಸವನ್ನೇ ಮಾಡಲಿದ್ದೇನೆ. ಮನೆಯಲ್ಲಿರುವ ಲ್ಯಾಪ್‌ಟಾಪಿನ ಚಿತ್ರವನ್ನೂ ಸದ್ದನ್ನೂ ಮನೆಯಲ್ಲೇ ಇರುವ ಟೀವಿಗೆ ತರುವುದು ಹೇಗೆ ಎಂಬುದು ಇವತ್ತಿನ ವಿಷಯ. ಇಷ್ಟು ಕೇಳಿದ್ದೇ ನಿಮ್ಮಲ್ಲಿ ಕೆಲವರು, 'ಅಯ್ಯೋ, ಅದೆಲ್ಲ ಮಕ್ಕಳ ಕೆಲಸ' ಎಂದು ವಾಲ್ಯೂಮ್ ತಗ್ಗಿಸಲು ಕೈ ಚಾಚಿರಬಹುದು. ದಯವಿಟ್ಟು ತಾಳಿ. ಮಕ್ಕಳು ಮನೆಯಲ್ಲಿಲ್ಲದ ದಿನವೇ ಈ ಕೆಲಸ ಬೀಳುವುದು.

2025ರ ಫೆಬ್ರವರಿಯಲ್ಲಿ ಒಂದು ಗುರುವಾರ, ಕಾರ್ಯಕ್ರಮ ಮುಗಿಸಿ ಇನ್ನೇನು ಹೊರಡಬೇಕು, ಡೊಂಬಿವಿಲಿಯಿಂದ ನಮ್ಮ ಹಳೆಯ ಕೇಳುಗರೊಬ್ಬರು ಫೋನ್ ಮಾಡಿದರು. ವಯಸ್ಸು ಎಪ್ಪತ್ತು ದಾಟಿದೆ. ಉಡುಪಿ ಕಡೆಯವರು, ಮುಂಬಯಿಗೆ ಬಂದು ನಲವತ್ತು ವರ್ಷದ ಮೇಲಾಯಿತು. ಯಜಮಾನರು ಹೋಟೆಲು ನಡೆಸುತ್ತಿದ್ದರು, ಈಗಿಲ್ಲ. ಮಗ ಪರದೇಶದಲ್ಲಿ. ಆ ಭಾನುವಾರ ಉಡುಪಿಯಲ್ಲಿ ಇವರ ತಂಗಿಯ ಮಗಳ ಮದುವೆ. ಮೊಣಕಾಲಿನ ಆಪರೇಷನ್ ಆಗಿ ಮೂರೇ ವಾರವಾಗಿದ್ದರಿಂದ ರೈಲು ಹತ್ತುವ ಹಾಗಿಲ್ಲ. ಮದುವೆಯನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸುತ್ತಾರಂತೆ, ತಂಗಿ ಲಿಂಕ್ ಕಳಿಸಿದ್ದಾರಂತೆ.

"ಫೋನಿನಲ್ಲೇ ನೋಡಬಹುದಲ್ಲಮ್ಮ" ಎಂದೆ.

"ಫೋನಿನಲ್ಲಿ ಮದುಮಗಳು ಸಾಸಿವೆ ಕಾಳಿನಷ್ಟು ಕಾಣ್ತಾಳೆ ಮಾರಾಯ್ರೆ. ಅವಳನ್ನು ಎತ್ತಿ ಆಡಿಸಿದವಳು ನಾನು. ನನಗೆ ದೊಡ್ಡದಾಗಿ ಕಾಣಬೇಕು. ಮನೆಯಲ್ಲಿ ಟೀವಿ ಉಂಟು, ಮಗ ಬಿಟ್ಟು ಹೋದ ಲ್ಯಾಪ್‌ಟಾಪ್ ಉಂಟು. ಎರಡನ್ನು ಸೇರಿಸುವುದು ಹೇಗೆ ಅಂತ ಹೇಳಿ. ನಿಮಗೆ ಮೈಕು ಗೀಕು ಎಲ್ಲ ಗೊತ್ತುಂಟಲ್ಲ."

ಮೈಕಿನ ಮುಂದೆ ಕೂತು ಮಾತಾಡುವವನಿಗೆ ಅದರ ಹಿಂದಿನ ತಂತಿ ಗೊತ್ತಿರಬೇಕು ಎಂಬುದು ಅವರ ಲೆಕ್ಕ. ನಾನು ಓದಿದ್ದು ಬಿ.ಎ. ಕನ್ನಡ. ಆದರೆ ಮದುವೆ ಮೂರೇ ದಿನವಿತ್ತು, ಒಪ್ಪಿಕೊಂಡೆ.

ಕೇಳುಗರೇ, ಇಲ್ಲಿ ನಾನು ಮಾಡಿದ ಮೊದಲ ತಪ್ಪನ್ನು ನೀವು ಮಾಡಬೇಡಿ. ಅವರ ಮನೆಯ ಟೀವಿಯನ್ನೂ ಲ್ಯಾಪ್‌ಟಾಪನ್ನೂ ಕಣ್ಣಾರೆ ನೋಡದೆ, ಫೋನಿನಲ್ಲಿ ಕೇಳಿದ್ದನ್ನೇ ನಂಬಿ ಅಂಗಡಿಗೆ ಹೋದೆ. ಟೀವಿಯ ಬೆನ್ನು ನೋಡದೆ ತಂತಿ ಕೊಳ್ಳುವುದು, ಕಾಲಿನ ಅಳತೆ ಇಲ್ಲದೆ ಚಪ್ಪಲಿ ಕೊಂಡ ಹಾಗೆ.

ಟೀವಿಯ ಬೆನ್ನಿಗೂ ಲ್ಯಾಪ್‌ಟಾಪಿನ ಪಕ್ಕೆಗೂ ಕೆಲವು ತೂತುಗಳಿರುತ್ತವೆ. ಇಂಗ್ಲಿಷಿನಲ್ಲಿ ಪೋರ್ಟ್ ಎನ್ನುತ್ತಾರೆ. ನಿಘಂಟು ತೆರೆದರೆ ಬಂದರು ಎಂದಿದೆ. ಟೀವಿಯ ಬೆನ್ನಿನಲ್ಲಿ ಮಲ್ಪೆ ಬಂದರನ್ನು ಹುಡುಕುವುದು ಬೇಡ, ನಾವು ಬಾಯಿ ಎನ್ನೋಣ. ನೀವು ಗುರುತಿಸಬೇಕಾದ ಬಾಯಿಗಳು ಮುಖ್ಯವಾಗಿ ಮೂರು. ಮೊದಲನೆಯದು ಎಚ್‌ಡಿಎಂಐ. ಬೆರಳಿನ ಅಗಲದ ಚಪ್ಪಟೆ ಬಾಯಿ, ಕೆಳಗಿನ ಎರಡು ಮೂಲೆ ಒಳಕ್ಕೆ ಸರಿದು ದೋಣಿಯ ಆಕಾರ. ಒಳಗೆ 19 ಸಂಪರ್ಕಗಳಿವೆ. ಚಿತ್ರ, ಸದ್ದು ಎರಡನ್ನೂ ಒಂದೇ ತಂತಿಯಲ್ಲಿ ಒಯ್ಯುತ್ತದೆ. ಇದು 2002ರಲ್ಲಿ ಬಂದ ಪದ್ಧತಿ, ಇಂದು ಮಾರುವ ಹೆಚ್ಚುಕಡಿಮೆ ಎಲ್ಲ ಟೀವಿಗಳಲ್ಲೂ ಇದೆ. ಎರಡನೆಯದು ವಿಜಿಎ. ಮೂರು ಸಾಲಿನಲ್ಲಿ 15 ಸಣ್ಣ ತೂತು, ಎರಡೂ ಬದಿಗೆ ತಿರುಪು, ಹೆಚ್ಚಾಗಿ ನೀಲಿ ಬಣ್ಣ. 1987ರಷ್ಟು ಹಳೆಯದು. ಇದು ಚಿತ್ರವನ್ನು ಮಾತ್ರ ಒಯ್ಯುತ್ತದೆ, ಸದ್ದನ್ನಲ್ಲ. ಈ ಮಾತು ನೆನಪಿಡಿ. ಮೂರನೆಯದು ಹೊಸ ತೆಳು ಲ್ಯಾಪ್‌ಟಾಪುಗಳಲ್ಲಿರುವ ಯುಎಸ್‌ಬಿ-ಸಿ. ಈಗಿನ ಮೊಬೈಲ್ ಚಾರ್ಜರಿನ ಅದೇ ಪುಟ್ಟ ಬಾಯಿ. ಇದರಲ್ಲಿ ಒಂದು ಮೋಸವಿದೆ. ನೋಡಲು ಎಲ್ಲವೂ ಒಂದೇ, ಆದರೆ ಕೆಲವು ಚಿತ್ರವನ್ನು ಹೊರಗೆ ಕಳಿಸುತ್ತವೆ, ಕೆಲವು ಕಳಿಸುವುದಿಲ್ಲ. ಬಾಯಿಯ ಪಕ್ಕ ಮಿಂಚಿನ ಗುರುತೋ, ಡಿ ಮತ್ತು ಪಿ ಸೇರಿಸಿ ಬರೆದ ಗುರುತೋ ಇದ್ದರೆ ಸಾಮಾನ್ಯವಾಗಿ ಕಳಿಸುತ್ತದೆ. ಗುರುತಿಲ್ಲದಿದ್ದರೆ ಆ ಮಾದರಿಯ ಕೈಪಿಡಿಯನ್ನು ನೋಡಿಯೇ ಅಡಾಪ್ಟರ್ ಕೊಳ್ಳಿ.

ಎರಡೂ ಕಡೆ ಎಚ್‌ಡಿಎಂಐ ಇದ್ದರೆ ನೀವು ಪುಣ್ಯವಂತರು. ಒಂದೇ ತಂತಿ ಸಾಕು. ಅಂಗಡಿಯವರು ಸಾವಿರಾರು ರೂಪಾಯಿಯ ಚಿನ್ನದ ಲೇಪದ ತಂತಿ ತೋರಿಸುತ್ತಾರೆ, ಬೇಡ ಎನ್ನಿ. ಮನೆಯ ಮೂರು ಮೀಟರಿಗೆ ಸಾಧಾರಣ ಗಟ್ಟಿಮುಟ್ಟು ತಂತಿ ತೋರಿಸುವ ಚಿತ್ರಕ್ಕೂ ಅದಕ್ಕೂ ನಿಮ್ಮ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಹಣವನ್ನು ಉದ್ದಕ್ಕೆ ಹಾಕಿ. ಒಂದೂವರೆ ಮೀಟರಿನ ತಂತಿ ಕೊಂಡರೆ ಲ್ಯಾಪ್‌ಟಾಪನ್ನು ಟೀವಿಯ ಮುಂದೆ ಸ್ಟೂಲಿನ ಮೇಲೆ ಇಟ್ಟು, ನೀವು ಅದರ ಪಕ್ಕ ನಿಂತೇ ಸಿನಿಮಾ ನೋಡಬೇಕಾಗುತ್ತದೆ.

ಇನ್ನು ನನ್ನ ಕಥೆ. ಅವರ ಟೀವಿಗೆ ಎಚ್‌ಡಿಎಂಐ ಇತ್ತು. ಮಗ ಬಿಟ್ಟುಹೋದದ್ದು ಹತ್ತು ವರ್ಷದ ಹಿಂದಿನ ಆಫೀಸು ಲ್ಯಾಪ್‌ಟಾಪು, ಅದಕ್ಕೆ ವಿಜಿಎ ಮಾತ್ರ. ಶುಕ್ರವಾರ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ, "ಎಚ್‌ಡಿಎಂಐ ವಿಜಿಎ ಕನ್ವರ್ಟರ್ ಕೊಡಿ" ಎಂದೆ. ಕೊಟ್ಟರು. ಒಂದು ವಿಜಿಎ ತಂತಿಯನ್ನೂ ಕೊಂಡು ಶನಿವಾರ ಸಂಜೆ ಡೊಂಬಿವಿಲಿ ತಲಪಿದೆ. ಎಲ್ಲ ಬಾಯಿಗೆ ಎಲ್ಲ ತುದಿಯೂ ಚೆನ್ನಾಗಿ ಕೂತವು. ಚಿತ್ರ ಮಾತ್ರ ಬರಲಿಲ್ಲ.

ಅರ್ಧ ಗಂಟೆ ತಿರುಗಿಸಿ ಮುರುಗಿಸಿ ನೋಡಿದೆ. ಆಮೇಲೆ ಆ ಪುಟ್ಟ ಡಬ್ಬಿಯ ಮೇಲಿನ ಅಕ್ಷರಗಳನ್ನು ಓದಿದೆ. ಎಚ್‌ಡಿಎಂಐನಿಂದ ವಿಜಿಎಗೆ ಎಂದಿತ್ತು. ನನಗೆ ಬೇಕಾದದ್ದು ವಿಜಿಎಯಿಂದ ಎಚ್‌ಡಿಎಂಐಗೆ. ಕೇಳುಗರೇ, ಇವು ಎರಡು ಬೇರೆ ಬೇರೆ ವಸ್ತುಗಳು. ಕನ್ವರ್ಟರುಗಳು ಏಕಮುಖ ಸಂಚಾರದ ರಸ್ತೆ ಇದ್ದ ಹಾಗೆ, ವಾಹನ ಒಂದೇ ಕಡೆಗೆ ಹೋಗಬೇಕು. ಚಿತ್ರ ಹೊರಡುವುದು ಎಲ್ಲಿಂದ, ಸೇರುವುದು ಎಲ್ಲಿಗೆ ಎಂದು ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಿ. 'ಲ್ಯಾಪ್‌ಟಾಪಿನಲ್ಲಿ ವಿಜಿಎ, ಟೀವಿಯಲ್ಲಿ ಎಚ್‌ಡಿಎಂಐ' ಎಂದರೆ ಸಾಕು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಮೂರು ವರ್ಷ ಓದಿದವನು ಒಂದು 'ಇಂದ', ಒಂದು 'ಗೆ' ಬಿಟ್ಟದ್ದಕ್ಕೆ ಐನೂರು ರೂಪಾಯಿ ದಂಡ ತೆತ್ತೆ. ಹಳೆಯ ಡಬ್ಬಿ ಟೀವಿ ಇಟ್ಟುಕೊಂಡವರಿಗೂ ಇದೇ ಮಾತು. ಕೆಂಪು, ಬಿಳಿ, ಹಳದಿ ತೂತುಗಳಿರುವ ಆ ಟೀವಿಗೆ ಎಚ್‌ಡಿಎಂಐನಿಂದ ಎವಿಗೆ ತಿರುಗಿಸುವ ಡಬ್ಬಿ ಸಿಗುತ್ತದೆ. ಅದರಂತೆಯೇ ಕಾಣುವ, ತದ್ವಿರುದ್ಧ ಕೆಲಸ ಮಾಡುವ ಡಬ್ಬಿಯೂ ಅದರ ಪಕ್ಕದಲ್ಲೇ ನೇತಾಡುತ್ತಿರುತ್ತದೆ.

ನಾನು ತಂತಿಯ ಗಂಡು ತುದಿ, ಹೆಣ್ಣು ತುದಿ ಎಂದು ಗೊಣಗುತ್ತಿದ್ದುದು ಅಮ್ಮನಿಗೆ ಕೇಳಿಸಿರಬೇಕು. ವಾಕರ್ ಹಿಡಿದು ನಿಂತಿದ್ದವರು, "ಅದಕ್ಕೂ ಜಾತಕ ಕೂಡಿ ಬರಬೇಕಾ ಮಾರಾಯ?" ಎಂದರು. ಅಷ್ಟು ಹೊತ್ತಿಗೆ 'ಮಾರಾಯ್ರೆ' ಹೋಗಿ 'ಮಾರಾಯ' ಆಗಿತ್ತು.

ಮರುದಿನ ಭಾನುವಾರ. ಅಂಗಡಿ ತೆರೆದಿರುತ್ತದೆಂಬ ನೆಚ್ಚಿಕೆ ಇಲ್ಲ. ಮಧ್ಯಾಹ್ನ ಅಭಿಜಿನ್ ಲಗ್ನಕ್ಕೆ ಧಾರೆ. ಅಮ್ಮ ಒಂದು ಕ್ಷಣ ಸುಮ್ಮನಿದ್ದು, "ಮೇಲಿನ ಮನೆಯ ಹುಡುಗ ಇಂಜಿನಿಯರಿಂಗ್ ಓದ್ತಾನೆ" ಎಂದರು. ಬೆಳಿಗ್ಗೆ ಹತ್ತಕ್ಕೆ ನಾನು ಮತ್ತೆ ಹೋದಾಗ ಹುಡುಗ ತನ್ನ ಲ್ಯಾಪ್‌ಟಾಪು, ಎಚ್‌ಡಿಎಂಐ ತಂತಿ ಎರಡನ್ನೂ ಕೊಟ್ಟು, ಲಿಂಕ್ ತೆರೆದಿಟ್ಟು ಕೆಳಗೆ ಕ್ರಿಕೆಟಿಗೆ ಓಡಿದ್ದ.

ತಂತಿ ಜೋಡಿಸಿದೆ. ಟೀವಿಯಲ್ಲಿ ಧಾರಾವಾಹಿಯೇ ಬರುತ್ತಿತ್ತು. ಇದು ಬಹಳ ಮನೆಗಳಲ್ಲಿ ಎಡವುವ ಜಾಗ. ತಂತಿ ಹಾಕಿದ ಮಾತ್ರಕ್ಕೆ ಟೀವಿಗೆ ಗೊತ್ತಾಗುವುದಿಲ್ಲ, 'ಈಗ ಈ ಬಾಯಿಯನ್ನು ನೋಡು' ಎಂದು ನಾವು ಹೇಳಬೇಕು. ಅದಕ್ಕೆ ರಿಮೋಟಿನಲ್ಲಿ ಸೋರ್ಸ್ ಅಥವಾ ಇನ್‌ಪುಟ್ ಎಂಬ ಗುಂಡಿ ಇದೆ. ಯಾವ ರಿಮೋಟಿನಲ್ಲಿ? ನೀವು ದಿನವೂ ಹಿಡಿಯುವುದು ಸೆಟ್‌ಟಾಪ್ ಡಬ್ಬಿಯ ರಿಮೋಟು. ಬೇಕಾದದ್ದು ಟೀವಿಯದ್ದೇ ಆದ ರಿಮೋಟು. ಅಮ್ಮನ ಮನೆಯಲ್ಲಿ ಅದು ಶೋಕೇಸಿನೊಳಗೆ, ಪ್ಲಾಸ್ಟಿಕ್ ಚೀಲದಲ್ಲಿ, ರಬ್ಬರ್ ಬ್ಯಾಂಡ್ ಸುತ್ತಿಸಿಕೊಂಡು ಕೂತಿತ್ತು. ಸೆಲ್ ಸತ್ತಿತ್ತು. ಗೋಡೆ ಗಡಿಯಾರದ ಸೆಲ್ ತೆಗೆದು ನೋಡಿದರೆ ಅದು ಒಂದೇ, ಇದಕ್ಕೆ ಎರಡು ಬೇಕು. ಇನ್ನೊಂದು ಬಾತ್‌ರೂಮಿನ ಟಾರ್ಚಿನಿಂದ ಸಿಕ್ಕಿತು. ಈ ಮಾತು ಕೇಳುತ್ತಿರುವಾಗಲೇ ಎದ್ದು ನಿಮ್ಮ ಟೀವಿಯ ರಿಮೋಟ್ ಎಲ್ಲಿದೆ ನೋಡಿ. ನಾನು ಕಾಯುತ್ತೇನೆ.

ಸಿಕ್ಕಿತೆ? ಸೋರ್ಸ್ ಒತ್ತಿದರೆ ಪಟ್ಟಿ ಬರುತ್ತದೆ. ತಂತಿಯನ್ನು ಸಿಕ್ಕಿಸಿದ ಬಾಯಿಯ ಪಕ್ಕ ಎಚ್‌ಡಿಎಂಐ 1 ಎಂದಿದೆಯೋ 2 ಎಂದಿದೆಯೋ, ಪಟ್ಟಿಯಲ್ಲೂ ಅದನ್ನೇ ಆರಿಸಿ. ಆಮೇಲೆ ಲ್ಯಾಪ್‌ಟಾಪಿನ ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನು ಹಿಡಿದುಕೊಂಡು ಪಿ ಅಕ್ಷರ ಒತ್ತಿ. ನಾಲ್ಕು ದಾರಿ ತೋರಿಸುತ್ತದೆ. ಡುಪ್ಲಿಕೇಟ್ ಎಂದರೆ ಎರಡರಲ್ಲೂ ಒಂದೇ ಚಿತ್ರ. ಮೊದಲ ಸಲಕ್ಕೆ ಅದೇ ಒಳ್ಳೆಯದು, ಎರಡೂ ಕಡೆ ಒಂದೇ ಕಾಣುವುದರಿಂದ ಗಾಬರಿಯಾಗುವುದಿಲ್ಲ. ಎಕ್ಸ್‌ಟೆಂಡ್ ಆರಿಸಿದರೆ ಟೀವಿ ಖಾಲಿ ಮೇಜಿನಂತೆ ಕಾಣುತ್ತದೆ, ಎಷ್ಟೋ ಜನ ಅದನ್ನು ಕಂಡು ಕೆಟ್ಟುಹೋಯಿತು ಎಂದುಕೊಳ್ಳುತ್ತಾರೆ. ಆಪಲ್ ಕಂಪನಿಯ ಲ್ಯಾಪ್‌ಟಾಪಿನಲ್ಲಿ ಇದೇ ಆಯ್ಕೆ ಸೆಟ್ಟಿಂಗ್ಸಿನ ಡಿಸ್‌ಪ್ಲೇ ಎಂಬಲ್ಲಿದೆ.

ಚಿತ್ರ ಬಂತು. ಉಡುಪಿಯ ಮದುವೆ ಹಾಲು, ಮಲ್ಲಿಗೆಯ ಮಂಟಪ, ಓಡಾಡುವ ಜನ. ಅಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಎಲ್ಲರ ತಲೆ ಎಲ್ಲಿ ಹೋಯಿತು?"

ನಿಜ. ಹಿಂದಿನ ಸಾಲಿನಲ್ಲಿ ನಿಂತವರ ತಲೆ ಪರದೆಯ ಆಚೆ ಹೋಗಿತ್ತು. ಕೆಲವು ಟೀವಿಗಳು ಬಂದ ಚಿತ್ರವನ್ನು ಚೂರು ಹಿಗ್ಗಿಸಿ ನಾಲ್ಕೂ ಅಂಚನ್ನು ಕತ್ತರಿಸುತ್ತವೆ. ಡಬ್ಬಿ ಟೀವಿಯ ಕಾಲದ ಅಭ್ಯಾಸ ಅದು. ಟೀವಿಯ ಪಿಕ್ಚರ್ ಪಟ್ಟಿಯಲ್ಲಿ ಅಳತೆಯ ಆಯ್ಕೆ ಇದೆ. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್, ಫುಲ್ ಪಿಕ್ಸೆಲ್, ಹೀಗೆ. ಅದನ್ನು ಆರಿಸಿದಾಗ ತಲೆಗಳು ವಾಪಸ್ ಬಂದವು.

ಆದರೆ ಸದ್ದಿಲ್ಲ. ವಾಲಗದವರು ಕೆನ್ನೆ ಊದಿಸುತ್ತಿದ್ದಾರೆ, ನಿಶ್ಶಬ್ದ. ಚಿತ್ರ ಟೀವಿಗೆ ಹೋದರೂ ಸದ್ದು ಹಳೆಯ ಜಾಗದಲ್ಲೇ ಉಳಿಯುವುದುಂಟು. ಪರದೆಯ ಕೆಳಗೆ ಬಲಮೂಲೆಯಲ್ಲಿರುವ ಸ್ಪೀಕರ್ ಚಿತ್ರವನ್ನು ಒತ್ತಿ, ಸದ್ದು ಎಲ್ಲಿಗೆ ಹೋಗಬೇಕು ಎಂಬ ಪಟ್ಟಿ ತೆರೆದು, ಟೀವಿಯ ಹೆಸರನ್ನು ಆರಿಸಬೇಕು. ಅಂದು ಸದ್ದು ಎಲ್ಲಿತ್ತು ಗೊತ್ತೆ? ಹುಡುಗ ಸೋಫಾದ ಮೇಲೆ ಬಿಟ್ಟುಹೋಗಿದ್ದ, ತಂತಿಯಿಲ್ಲದ ಹೆಡ್‌ಫೋನಿನಲ್ಲಿ. ಕಿವಿಗೆ ಹಚ್ಚಿದರೆ ನಾಗಸ್ವರ ಅದರೊಳಗೆ ಸಣ್ಣಗೆ ಮೊಳಗುತ್ತಿತ್ತು.

ವಿಜಿಎ ತಂತಿ ಬಳಸುವವರು ಕೇಳಿ. ಸದ್ದಿಗೆ ನೀವು ಬೇರೆ ತಂತಿ ಹಾಕಲೇಬೇಕು, ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ. ಟೀವಿಯಲ್ಲೂ ವಿಜಿಎ ಇದ್ದರೆ ಆ ತಂತಿ ನೇರ ಟೀವಿಯ ಆಡಿಯೋ ಇನ್ ಎಂಬಲ್ಲಿಗೆ. ವಿಜಿಎಯಿಂದ ಎಚ್‌ಡಿಎಂಐಗೆ ತಿರುಗಿಸುವ ಡಬ್ಬಿಯಾದರೆ ಆ ಡಬ್ಬಿಗೆ. ಹಾಗಾಗಿ ಸದ್ದಿನ ಬಾಯಿ ಇರುವ ಡಬ್ಬಿಯನ್ನೇ ಕೇಳಿ ಪಡೆಯಿರಿ. ಅದಕ್ಕೆ ಯುಎಸ್‌ಬಿಯಿಂದ ಚೂರು ವಿದ್ಯುತ್ತೂ ಬೇಕಾಗುತ್ತದೆ.

ಹನ್ನೆರಡು ದಾಟಿತು. ಮದುಮಗಳು ಮಂಟಪಕ್ಕೆ ಬಂದಳು. ಅಮ್ಮ ಬೆಳಿಗ್ಗೆಯೇ ರೇಷ್ಮೆ ಸೀರೆ ಉಟ್ಟು, ಮುಡಿಗೆ ಹೂ ಮುಡಿದು ಕೂತಿದ್ದರು. ಕ್ಯಾಮೆರಾ ಹತ್ತಿರ ಹೋದಾಗ ಹುಡುಗಿಯ ಮುಖ ಆ ಟೀವಿಯ ತುಂಬ. "ಮೂಗು ನಮ್ಮ ಅಮ್ಮನದ್ದೇ" ಎಂದರು. ಕೈಗೆ ಕೈ ಸೇರಿತು, ಧಾರೆ ಎರೆಯಲು ತಂಬಿಗೆ ಎತ್ತಿದರು. ಅಷ್ಟರಲ್ಲಿ ಟೀವಿ ಕಪ್ಪಾಯಿತು.

ಲ್ಯಾಪ್‌ಟಾಪ್ ಸತ್ತಿತ್ತು. ಚಾರ್ಜರನ್ನು ಸಿಕ್ಕಿಸಿದ್ದೆ. ಗೋಡೆಯ ಸ್ವಿಚ್ಚನ್ನು ಒತ್ತಿರಲಿಲ್ಲ. ಇದನ್ನು ಹೇಳುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಸ್ವಿಚ್ ಒತ್ತಿ ಮತ್ತೆ ಶುರು ಮಾಡಿದರೆ ಅದು ಪಾಸ್‌ವರ್ಡ್ ಕೇಳಿತು. ಹುಡುಗ ಕೆಳಗೆ ಬೌಲಿಂಗ್ ಮಾಡುತ್ತಿದ್ದ. ಬಾಲ್ಕನಿಯಿಂದ ಕೂಗಿದೆ. ಅವನು ಪಿಚ್ಚಿನಿಂದಲೇ, ಮೂರನೆಯ ಮಹಡಿಗೆ ಕೇಳುವಂತೆ, ಅಕ್ಷರ ಅಕ್ಷರವಾಗಿ ಕೂಗಿ ಹೇಳಿದ. ಇಡೀ ಸೊಸೈಟಿಗೆ ಪಾಸ್‌ವರ್ಡ್ ಗೊತ್ತಾಯಿತು. ಲ್ಯಾಪ್‌ಟಾಪ್ ತೆರೆದು, ಲಿಂಕ್ ಹುಡುಕಿ, ಚಿತ್ರ ಬರುವ ಹೊತ್ತಿಗೆ ಮಂಟಪದಲ್ಲಿ ಫೋಟೋದವರು ತುಂಬಿದ್ದರು. ಧಾರೆ ಮುಗಿದಿತ್ತು.

ಅಮ್ಮ ನನ್ನ ಮೇಲೆ ರೇಗಲಿಲ್ಲ. "ಹೋಗಲಿ ಬಿಡು" ಎಂದರು. ಆ ಮಾತು ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು.

ಆಗ ನೆನಪಾಯಿತು. ಯೂಟ್ಯೂಬಿನ ನೇರ ಪ್ರಸಾರವನ್ನು ಸಾಮಾನ್ಯವಾಗಿ ಹಿಂದಕ್ಕೂ ಎಳೆಯಬಹುದು. ಚಿತ್ರದ ಅಡಿಯಲ್ಲಿ ಕೆಂಪು ಗೆರೆ ಇರುತ್ತದೆ. ಅದರ ತುದಿಯ ಚುಕ್ಕೆಯನ್ನು ಎಡಕ್ಕೆ ಎಳೆದರೆ ಕಳೆದುಹೋದದ್ದು ಮತ್ತೆ ಬರುತ್ತದೆ. ಎಳೆದೆ. ತಂಬಿಗೆ ಮತ್ತೆ ಮೇಲೆದ್ದಿತು. ಹಿರಿಯರು ಒಬ್ಬೊಬ್ಬರಾಗಿ ಬಂದು ಧಾರೆ ಎರೆದರು. ಅಮ್ಮನ ತಂಗಿಯೂ ಎರೆದರು. ಎರೆದು ಸರಿಯದೆ ಅಲ್ಲೇ ನಿಂತು, ತುಳುವಿನಲ್ಲಿ ಏನೋ ಒಂದು ಮಾತು ಹೇಳಿ, ಇನ್ನೊಮ್ಮೆ ಎರೆದರು. ಪುರೋಹಿತರ ಮುಂದಿದ್ದ ಮೈಕಿನಲ್ಲಿ ಆ ಮಾತು ಸ್ಪಷ್ಟವಾಗಿ ಕೇಳಿಸಿತು. ನಾನು ಹಾಸನದ ಕಡೆಯವನು, ತುಳು ಬಾರದು. ಏನೆಂದರು ಎಂದು ಅಮ್ಮನ ಕಡೆ ತಿರುಗಿದೆ. ಅವರು ಪಕ್ಕದ ಲೋಟ ಎತ್ತಿಕೊಂಡರು, ಕುಡಿಯದೆ ಹಾಗೇ ಹಿಡಿದಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಇದು ಮುಂಬಯಿ ಅಕ್ಕನ ಲೆಕ್ಕದ್ದು ಅಂದಳು" ಎಂದರು. ಆ ಕೆಂಪು ಗೆರೆಯನ್ನು ಅವತ್ತು ಮೂರು ಸಲ ಹಿಂದಕ್ಕೆ ಎಳೆದೆ.

ಕೇಳುಗರೇ, ಮುಖ್ಯವಾದ ದಿನವಿದ್ದರೆ ಹಿಂದಿನ ದಿನವೇ ಅರ್ಧ ಗಂಟೆ ಓಡಿಸಿ ನೋಡಿ. ಗೋಡೆಯ ಸ್ವಿಚ್ ಒತ್ತಿದೆಯೇ, ಚಾರ್ಜ್ ಏರುತ್ತಿದೆಯೇ ನೋಡಿ. ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೆ ಅದು ಸಾಮಾನ್ಯವಾಗಿ ನಿದ್ದೆಗೆ ಜಾರುತ್ತದೆ, ಟೀವಿಯೂ ಕಪ್ಪಾಗುತ್ತದೆ. ತೆರೆದೇ ಇಡಿ, ಇಲ್ಲವೇ ಪವರ್ ಸೆಟ್ಟಿಂಗಿನಲ್ಲಿ ಮುಚ್ಚಿದರೂ ಎಚ್ಚರವಿರುವಂತೆ ಬದಲಿಸಿ. ಇನ್ನೊಂದು ಮಾತು, ತಂತಿಯನ್ನು ನಡುಮನೆಯ ಅಡ್ಡಕ್ಕೆ ಎಳೆಯಬೇಡಿ. ಅಂದು ಅಮ್ಮ ಅಡುಗೆಮನೆಗೆ ಹೋಗಲು ಎದ್ದಾಗ ವಾಕರಿನ ಕಾಲಿಗೂ ತಂತಿಗೂ ನಾಲ್ಕೇ ಬೆರಳಿನ ಅಂತರವಿತ್ತು. ಗೋಡೆಯ ಅಂಚಿಗೆ ಸಾಗಿಸಿ, ಟೇಪು ಹಚ್ಚಿ. ಹಳೆಯ ಕಟ್ಟಡಗಳಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ತಂತಿಯ ಲೋಹದ ತುದಿ ಮುಟ್ಟಿದಾಗ ಜುಮ್ಮೆನ್ನುವುದುಂಟು. ಟೀವಿ, ಲ್ಯಾಪ್‌ಟಾಪ್ ಎರಡರ ಸ್ವಿಚ್ಚನ್ನೂ ಆರಿಸಿಯೇ ಜೋಡಿಸಿ, ಆಮೇಲೆ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ತಂತಿಯೇ ಬೇಡ ಎನ್ನುವವರಿಗೆ ದಾರಿಯಿದೆ. ಸ್ಮಾರ್ಟ್ ಟೀವಿಯಲ್ಲಿ ಯೂಟ್ಯೂಬ್ ಒಳಗೇ ಇರುತ್ತದೆ, ಲ್ಯಾಪ್‌ಟಾಪೇ ಬೇಕಿಲ್ಲ. ವಿಂಡೋಸ್ ಕೀಲಿಯ ಜೊತೆ ಕೆ ಒತ್ತಿದರೆ ಹತ್ತಿರದ, ಇದಕ್ಕೆ ಒಗ್ಗುವ ಟೀವಿಯ ಹೆಸರು ಕಾಣುತ್ತದೆ, ಅದಕ್ಕೆ ಗಾಳಿಯಲ್ಲೇ ಚಿತ್ರ ಕಳಿಸಬಹುದು. ಆದರೆ ಚಿತ್ರ ತಡವರಿಸುವುದುಂಟು. ಮುಹೂರ್ತದ ದಿನ ನಾನಂತೂ ತಂತಿಯನ್ನೇ ನಂಬುತ್ತೇನೆ. ಲ್ಯಾಪ್‌ಟಾಪಿನಲ್ಲಿ ಆಗಲೇ ಇರುವ ಮದುವೆ, ನಾಮಕರಣದ ವಿಡಿಯೋ ನೋಡಲಿಕ್ಕಾದರೆ ಪೆನ್‌ಡ್ರೈವಿಗೆ ಹಾಕಿ ಟೀವಿಯ ಯುಎಸ್‌ಬಿ ಬಾಯಿಗೆ ಸಿಕ್ಕಿಸಿದರೂ ಆಯಿತು. ಪೆನ್‌ಡ್ರೈವ್ ಫ್ಯಾಟ್32 ಬಗೆಯದಾಗಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಅದರಲ್ಲಿ ಹಿಡಿಯುವುದಿಲ್ಲ, ಅಷ್ಟೆ. ಹಣ ಕೊಟ್ಟು ನೋಡುವ ಕೆಲವು ಸಿನಿಮಾಗಳು ಹಳೆಯ ವಿಜಿಎ ದಾರಿಯಲ್ಲಿ ಬರಲು ಒಪ್ಪದೆ ಕಪ್ಪು ಪರದೆ ತೋರಿಸುತ್ತವೆ. ಅದು ನಕಲು ತಡೆಯುವ ಬೀಗ, ನಿಮ್ಮ ತಪ್ಪಲ್ಲ.

ಆಮೇಲೆ ನಾನು 'ಇಂದ', 'ಗೆ' ಎರಡನ್ನೂ ಸರಿಯಾಗಿ ಉಚ್ಚರಿಸಿ ಅಮ್ಮನ ಹಳೆಯ ಲ್ಯಾಪ್‌ಟಾಪಿಗೆ ತಕ್ಕ ಡಬ್ಬಿಯನ್ನೇ ತಂದುಕೊಟ್ಟೆ. ಜೋಡಿಸುವ ಕ್ರಮವನ್ನು ಅವರು ನನ್ನಿಂದ ಹೇಳಿಸಿ, ತಮ್ಮ ಕೈಯಲ್ಲೇ ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಂಡು ಟೀವಿಯ ಪಕ್ಕ ಅಂಟಿಸಿದ್ದಾರೆ. ಮೊದಲ ಸಾಲು: 'ಗೋಡೆಯ ಸ್ವಿಚ್.' ಅದರ ಕೆಳಗೆ ಎರಡು ಗೆರೆ ಎಳೆದಿದ್ದಾರೆ.

ಹೋದ ವಾರ ಫೋನ್ ಮಾಡಿದ್ದೆ. ಕಾರ್ಯಕ್ರಮ ಕೇಳಿದಿರಾ ಅಮ್ಮ ಎಂದು ಕೇಳಿದರೆ, "ಇಲ್ಲ ಮಾರಾಯ, ರಾತ್ರಿಯ ಯಕ್ಷಗಾನ ದೊಡ್ಡ ಪರದೆಯಲ್ಲಿ ಹಾಕಿ ಕೂತಿದ್ದೆ, ನಡುವೆ ಬಿಡ್ಲಿಕ್ಕೆ ಆಗ್ಲಿಲ್ಲ. ನಿನ್ನದನ್ನು ಹಿಂದಕ್ಕೆ ಎಳೆಯುವ ಗೆರೆ ಎಲ್ಲುಂಟು?" ಎಂದರು.